ಹಾಫ್-ಲೈಫ್ ಜಿ-ಮ್ಯಾನ್: ಯಾವ ಥಿಯರಿ ನಿಲ್ಲತೈತಿ, ಯಾವುದು ಬೀಳತೈತಿ? (ಕಥಿ ಪೂರ್ತಿ ಬಯಲಾಗೈತಿ, ಆಡದವರು ಓದಬ್ಯಾಡ್ರಿ)

ಉಣಕಲ್_ಕೆರಿ (ಹುಬ್ಬಳ್ಳಿ) ಕೇಳಿದ್ದು:

1998ರ ಮೊದಲನೇ ಹಾಫ್-ಲೈಫ್ ವಿಡಿಯೋ ಗೇಮು, 2004ರ ಎರಡನೇದು, 2006 ಮತ್ತ 2007ರ ಎರಡೂ ಎಪಿಸೋಡು, ಇಷ್ಟರ ಮ್ಯಾಲೆ ಕೇಳಾಕತ್ತೇನಿ. 2020ರ ಅಲಿಕ್ಸ್ ಆಟಕ್ಕ ವಿ.ಆರ್. ಹೆಡ್‌ಸೆಟ್ ಬೇಕು, ಹಂಗಾಗಿ ಅದರ ಕೊನೀ ದೃಶ್ಯ ವಿಡಿಯೋದಾಗ ಅಷ್ಟ ನೋಡಿದ್ದು.

ಸೂಟು, ಟೈ, ಕೈಯಾಗೊಂದು ಬ್ರೀಫ್‌ಕೇಸು, ಮಾತಿನ ನಡುವ ಉಸಿರು ಎಳಕೊಳ್ಳೂ ಆ ಜಿ-ಮ್ಯಾನ್ ಬಗ್ಗೆ ನಾಕು ಪ್ರಶ್ನೆ:

1. ಅವಾ ನಾವು ಆಡೂ ನಾಯಕ ಗಾರ್ಡನ್ ಫ್ರೀಮನ್‌ನ ಮುಂದಿನ ರೂಪ ಅಂತಾರಲ್ಲ, ಅದಕ್ಕ ಆಟದೊಳಗ ಏನರ ಆಧಾರ ಐತೇನು? ಇಲ್ಲಾ ಬರೇ ಹೆಸರಿನ ಮೊದಲನೇ ಅಕ್ಷರ ನೋಡಿ ಕಟ್ಟಿದ್ದೋ?

2. ಮಾತಿಗೊಮ್ಮೆ ‘ನಮ್ಮ ಮಾಲೀಕರು’ ಅಂತಾನ. ಆ ಮಾಲೀಕರು ಕಂಬೈನ್ (ಭೂಮಿ ಹಿಡಕೊಂಡ ಅನ್ಯಲೋಕದ ಪಡೆ) ಅವರ ಏನು?

3. ಟೈಮ್ ನಿಲ್ಲಿಸೂವಂಥಾವನ್ನ ಎಪಿಸೋಡ್ ಒನ್ ಸುರುವಾತಿಗೆ ವೋರ್ಟಿಗಾಂಟುಗಳು (ಗಾರ್ಡನ್ ಕಡೆ ನಿಂತ ಅನ್ಯಲೋಕದ ಜೀವಿಗಳು) ಹೆಂಗ ತಡದ್ವು?

4. ಮೊದಲನೇ ಆಟದಾಗ ಅವಗ ಗುಂಡು ಹೊಡದ್ರ ರಕ್ತ ಬರೂದಿಲ್ಲ, ಕಬ್ಬಿಣಕ್ಕ ಬಡದಂಗ ಕಿಡಿ ಹಾರತೈತಿ. ಅದಕ್ಕ ಅವಾ ರೋಬೋಟ್ ಅಂತ ಒಬ್ಬರು ಉದ್ದಕ ಬರದಾರ. ಖರೇನ?

ಯಾವ ಅಧ್ಯಾಯದಾಗ ಎಲ್ಲಿ ನಿಂತು ನೋಡಬೇಕು ಅಂತ ಹೇಳಿದ್ರ ಮತ್ತೊಮ್ಮೆ ಹಾಕಿ ನೋಡಬಹುದು. ‘ಅವಾ ದೇವರು ಇದ್ದಂಗ’ ಅಂತ ಒಂದ ಸಾಲು ಬರದು ಹೋಗಬ್ಯಾಡ್ರಿ.

---

ಬ್ಯಾಡಗಿ_ಡಬ್ಬಿ (ಹಾವೇರಿ ಜಿಲ್ಲಾ):

ಅವನ ಕೈಲೆ ಏನೇನಾಗತೈತಿ ಅಂತ ಪಟ್ಟಿ ಹಾಕಕೋಂತ ಹ್ವಾದ್ರ ಕಡೀಕ ದೇವರ ಆಗತಾನ. ಪಟ್ಟಿ ತಿರುವಿ ಹಾಕ್ರಿ. ಅವನ ಕೈಲೆ ಏನಾಗೂದಿಲ್ಲ, ಯಾರನ್ನ ಕೇಳಿ ಮಾಡತಾನ, ಎಲ್ಲಿ ಮಾತು ನುಂಗತಾನ, ಅದನ್ನ ನೋಡ್ರಿ. ಆವಾಗ ದೇವರಲ್ಲ, ದಲಾಲಿ ಕಾಣಸತಾನ.

ಬ್ಯಾಡಗಿ ಮೆಣಸಿನಕಾಯಿ ಮಾರ್ಕೆಟ್ಟಿನಾಗ ಒಂದು ದಿನ ಅಡ್ಡಾಡಿದವರಿಗೆ ಇಂಥಾವ ಹೊಸಬಲ್ಲ. ಅಡತಿ ಅಂಗಡಿಯವಂದು ಮಾಲೂ ಅಲ್ಲ, ರೊಕ್ಕಾನೂ ಅಲ್ಲ. ರೈತನ ಚೀಲ ಅವನ ಅಂಗಡಿ ಮುಂದ ಲಾಟ್ ಆಗಿ ಕುಂಡರತಾವ, ಖರೀದಿದಾರರು ಟೆಂಡರಿಗೆ ರೇಟು ಹಾಕತಾರ, ಹೆಚ್ಚಿಗಿ ಹಾಕಿದಾವಗ ಮಾಲು. ನಡುವ ಕಮಿಷನ್ ಮ್ಯಾಲೆ ನಿಂತಾವ ಅಡತಿಯವ. ಈ ಆಟದಾಗ ಲಾಟ್ ಅಂದ್ರ ಗಾರ್ಡನ್.

ನಾ ಉಪಮಾ ಕಟ್ಟಿ ಹೇಳಾಕತ್ತಿಲ್ರಿ, ಆಟದಾಗ ಹಂಗಽ ಐತಿ. ಎರಡನೇ ಆಟದ ಕೊನೀಗೆ ಸಿಟಡೆಲ್ (ಕಂಬೈನ್ ಕೋಟಿ) ಒಳಗ, ಅವರ ಪರವಾಗಿ ಭೂಮಿ ಆಳೂ ಬ್ರೀನ್ ಗಾರ್ಡನ್‌ಗ ಮಾರಿ ಮ್ಯಾಲೇ ಕೇಳತಾನ: ನಿನ್ನ ಕರಾರು ಹೆಚ್ಚಿಗಿ ಕೂಗಿದಾವಗ ಅನ್ನೂದು ನಿನಗ ಗೊತ್ತಿತ್ತೇನು, ಗೆಳೆಯರ ಮುಂದ ಆ ಮಾತು ಬ್ಯಾಡ ಅಂದ್ರ ಬಿಡು. ಭಾಳ ಮಂದಿ ಇದನ್ನ ಲಕ್ಷ್ಯ ಕೊಟ್ಟು ಕೇಳಿಸಿಕೊಂಡಿಲ್ಲ. ಅದಾದ ಮ್ಯಾಲೆ ಸಿಟಡೆಲ್ ಸಿಡಿಯೂ ಗಳಿಗಿಗೆ ಟೈಮ್ ನಿಲ್ಲಿಸಿ ಬಂದ ಜಿ-ಮ್ಯಾನ್, ನಿನ್ನ ಸೇವಾಕ್ಕ ಚೊಲೋ ಚೊಲೋ ಆಫರ್ ಬಂದಾವ, ಸಾಮಾನ್ಯವಾಗಿ ನಾ ಅವನ್ನೆಲ್ಲಾ ಲೆಕ್ಕಕ್ಕ ಹಿಡಿಯೂದಿಲ್ಲ ಅಂತಾನ. ಎರಡೂ ಮಾತು ಜೋಡಿಸಿ ನೋಡ್ರಿ. ಬ್ರೀನ್ ಇದ್ದದ್ದು ಕಂಬೈನ್ ಕಡೆ. ‘ಹೆಚ್ಚಿಗಿ ಕೂಗಿದಾವಗ’ ಅನ್ನೂ ಸುದ್ದಿ ಅವಗ ಮುಟ್ಟೈತಿ ಅಂದ್ರ ಕಂಬೈನ್ ಮಾಲೀಕರಲ್ಲ, ಟೆಂಡರಿಗೆ ಕೈ ಹಾಕಬಹುದಾದ ಗಿರಾಕಿ. ನಿಮ್ಮ ಎರಡನೇ ಪ್ರಶ್ನೆಗೆ ಇಷ್ಟು ಗಟ್ಟಿ ಉತ್ತರ ಬ್ಯಾರೆ ಎಲ್ಲೂ ಸಿಗೂದಿಲ್ಲ. ಮಾಲೀಕರು ಯಾರಲ್ಲ ಅನ್ನೂದು ಗೊತ್ತಾತು, ಯಾರು ಅನ್ನೂದನ್ನ ಆಟ ಹೇಳಿಲ್ಲ.

ಇನ್ನ ಅವನ ಕೈಲೆ ಆಗದ್ದು. ಮೊದಲನೇ ಆಟಕ್ಕ ಸೇರಿಸಿದ 1999ರ ಆಪೋಸಿಂಗ್ ಫೋರ್ಸ್ ಆಡಿರೇನು? ಇಲ್ಲಂದ್ರ ಮೊದಲು ಅದನ್ನ ಆಡ್ರಿ. ಅದರ ಕೊನೀಗೆ ಜಿ-ಮ್ಯಾನ್ ಆ ಆಟದ ನಾಯಕ, ಸೈನಿಕ ಶೆಫರ್ಡ್‌ಗ ಏನಂತಾನ? ನಿನ್ನನ್ನ ಉಳಸಾಕ ನಾನು ವಾದ ಮಾಡೇನಿ, ಆದರ ನಮ್ಮ ಮಾಲೀಕರಿಗೆ ನಿನ್ನ ಮ್ಯಾಲೆ ನನ್ನಷ್ಟು ನಂಬಿಗಿ ಇಲ್ಲ. ಅಂದ್ರ ಮ್ಯಾಲಿನವರು ಬ್ಯಾಡ ಅಂದಿದ್ರು, ಇವಾ ಚೌಕಾಶಿ ಮಾಡಿ ‘ಕೊಲ್ಲೂದು ಬ್ಯಾಡ, ಒಂದು ಕಡೆ ಇಡೂನು’ ಅಂತ ಒಪ್ಪಿಸ್ಯಾನ. ಎಪಿಸೋಡ್ ಟೂದಾಗ ಗಾರ್ಡನ್ ಜೋಡಿ ಇರೂ ಅಲಿಕ್ಸ್ ಅನ್ನೂ ಹುಡುಗಿ ಬಗ್ಗೆ ಮಾತಾಡೂವಾಗೂ ಇದಽ ಧಾಟಿ. ಸಣ್ಣ ಕೂಸು, ಯಾತಕ್ಕೂ ಬಾರದು ಅಂತ ತಕರಾರು ಬಂದ್ರೂ ಅಕೀನ್ನ ಬ್ಲ್ಯಾಕ್ ಮೆಸಾದಿಂದ (ಗಾರ್ಡನ್ ಕೆಲಸಾ ಮಾಡತಿದ್ದ ಸಂಶೋಧನಾ ಕೇಂದ್ರ) ಎತ್ತಿಕೊಂಡು ಬಂದೆ ಅಂತಾನ. ತಕರಾರಿನವರ ಬಾಯಿ ಮುಚ್ಚಸಾಕ ಆಗದಾಗ ಕಿವಿಗೆ ಹಾಕ್ಕೊಳ್ಳದ ಇರೂದನ್ನ ಕಲತೇನಿ ಅಂತಾನ. ಕಡೀಕ, ಕೆಲವು ನಿರ್ಬಂಧಕ್ಕ ಒಪ್ಪೇನಿ, ಹಂಗಾಗಿ ನಿನ್ನ ಮ್ಯಾಲೆ ಕಣ್ಣಿಡೂದಷ್ಟ ನನ್ನ ಕೈಯಾಗೈತಿ ಅಂತಾನ. ಧಣಿ ಆಗಿದ್ರ ಇಂಥಾ ಮಾತು ಯಾಕ ಬೇಕಿತ್ತು?

ಒಂದನೇ ಪ್ರಶ್ನೆ ಲಗೂ ಮುಗಸೂನು. ಗಾರ್ಡನ್ನಽ ಜಿ-ಮ್ಯಾನ್ ಅನ್ನೂದಕ್ಕ ಒಂದು ಸಂಭಾಷಣೆ ಇಲ್ಲ, ಒಂದು ಚಿತ್ರ ಇಲ್ಲ. ತದ್ವಿರುದ್ಧ, ‘ಏನ ಬಂದ್ರೂ ಹೊಂದಿಕೊಂಡು ಬದುಕೂ ನಿನ್ನ ಗುಣ ನನಗ ನನ್ನಽ ನೆಪ್ಪು ಮಾಡತೈತಿ’ ಅಂತ ಅವಾ ಹೇಳಿದ್ದು ಶೆಫರ್ಡ್‌ಗ. ಹೋಲಿಕಿ ಮ್ಯಾಲೆ ಥಿಯರಿ ಕಟ್ಟೂದಿದ್ರ ಪಾಳಿ ಶೆಫರ್ಡಂದು ಮೊದಲು. ಇನ್ನ ಜಿ-ಮ್ಯಾನ್ ಅನ್ನೂ ಹೆಸರು ಮಾಡೆಲ್ ಫೈಲಿಂದ ಬಂದದ್ದು, ಆಟದಾಗ ಅವಾ ಎಲ್ಲೂ ತನ್ನ ಹೆಸರು ಹೇಳೂದಿಲ್ಲ. ಅಕ್ಷರ ಹಿಡಕೊಂಡು ಜಗ್ಗಿದ್ರ ಏನೂ ಬರೂದಿಲ್ಲ.

---

ಸಾಧನಕೇರಿ_01 (ಧಾರವಾಡ):

ನಾಲ್ಕನೆಯ ಪ್ರಶ್ನೆಗೆ ಊಹೆಯೇ ಬೇಡ. ಮೊದಲ ಆಟದ ಸೋರ್ಸ್ ಕೋಡ್ ಅನ್ನು ವಾಲ್ವ್ ಕಂಪನಿಯೇ ಗಿಟ್‌ಹಬ್‌ನಲ್ಲಿ ಇಟ್ಟಿದೆ. ‘ಡಿಎಲ್‌ಎಲ್ಸ್’ ಅನ್ನುವ ಫೋಲ್ಡರ್‌ನೊಳಗೆ ಜಿ-ಮ್ಯಾನ್ ಹೆಸರಿನದೇ ಒಂದು ಚಿಕ್ಕ ಸಿ-ಪ್ಲಸ್-ಪ್ಲಸ್ ಫೈಲ್ ಇದೆ, ಚಹಾ ಆರುವುದರೊಳಗೆ ಓದಿ ಮುಗಿಯುತ್ತದೆ. ನೋಡಬೇಕಾದದ್ದು ಮೂರು ಕಡೆ.

ಪಾತ್ರವನ್ನು ಆಟಕ್ಕೆ ತರುವ ಸ್ಪಾನ್ ಫಂಕ್ಷನ್‌ನಲ್ಲಿ ಹೆಲ್ತ್ 100, ರಕ್ತದ ಬಣ್ಣದ ಜಾಗದಲ್ಲಿ ‘ಡೋಂಟ್ ಬ್ಲೀಡ್’. ಅದಕ್ಕೇ ರಕ್ತ ಇಲ್ಲ. ಟ್ರೇಸ್ ಅಟ್ಯಾಕ್ ಅನ್ನುವಲ್ಲಿ ಗುಂಡು ಬಿದ್ದ ಬಿಂದುವಿನಲ್ಲಿ ರಿಕೊಶೆ (ಗುಂಡು ಪುಟಿಯುವ) ಎಫೆಕ್ಟ್ ಕರೆದಿದ್ದಾರೆ, ನೀವು ನೋಡಿದ ಕಿಡಿ ಅದೇ. ಇನ್ನು ಟೇಕ್ ಡ್ಯಾಮೇಜ್‌ನಲ್ಲಿ, ಏಟು ಬಿದ್ದಾಗಲೆಲ್ಲ ಹೆಲ್ತ್ ಅನ್ನು ಗರಿಷ್ಠದ ಅರ್ಧಕ್ಕೆ ಮರಳಿ ತಂದು ಕೂರಿಸುತ್ತಾರೆ. ಒಂದು ಗುಂಡು ಹೊಡೆಯಿರಿ, ರಾಕೆಟ್ಟೇ ಹೊಡೆಯಿರಿ, ಉಳಿಯುವುದು 50.

ಕಾರಣ ಕಥೆಯದ್ದಲ್ಲ, ಕಸುಬಿನದ್ದು. ಇವನು ಅಲ್ಲಲ್ಲಿ ಕಾಣಿಸಿಕೊಂಡು ನಡೆದು ಮರೆಯಾಗುವ ಸ್ಕ್ರಿಪ್ಟ್ ಪಾತ್ರ. ಯಾರಾದರೂ ಗಾಜು ಒಡೆದು ಹೊಡೆದುಹಾಕಿದರೆ ಮುಂದಿನ ಅಧ್ಯಾಯದಲ್ಲಿ ಸತ್ತವನು ಎದ್ದು ಬಂದಂತಾಗುತ್ತದೆ. ಅದನ್ನು ತಪ್ಪಿಸಲು ಹಾಕಿದ ಬೇಲಿ ಇದು. ರೋಬೋಟ್ ಥಿಯರಿ ಇಲ್ಲಿಗೆ ಮುಗಿಯಿತು.

ಅದೇ ಫೈಲ್‌ನಲ್ಲಿ ಅವನ ಪಕ್ಷ ಯಾವುದು ಅನ್ನುವ ಜಾಗದಲ್ಲಿ ‘ಕ್ಲಾಸ್ ನನ್’ ಎಂದಿದೆ. ವಿಜ್ಞಾನಿಗಳಿಗೆ, ಸೈನಿಕರಿಗೆ, ಅನ್ಯಲೋಕದವರಿಗೆ ಬೇರೆ ಬೇರೆ ವರ್ಗ ಇದ್ದರೆ ಇವನಿಗೆ ಯಾವುದೂ ಇಲ್ಲ. ‘ನೋಡಿ, ಯಾರ ಪಕ್ಷಕ್ಕೂ ಸೇರದವನು!’ ಎಂದು ಕುಣಿಯುವ ಮುಂಚೆ ಪಕ್ಕದ ಫೈಲ್‌ಗಳನ್ನೂ ತೆರೆಯಿರಿ. ಆಟದ ಪೀಠೋಪಕರಣಗಳಿಗೂ ಇದೇ ವರ್ಗ. ಕುರ್ಚಿಯನ್ನು ಯಾರೂ ಶತ್ರು ಎಂದು ತಿಳಿದು ಕಚ್ಚಬಾರದಲ್ಲ, ಅಷ್ಟೇ. ಕೋಡ್‌ನಿಂದ ಕಥೆ ಹಿಂಡಲು ಹೋದವರು ಎಡವುವುದು ಹೀಗೇ. ಫೈಲ್‌ನ ತಲೆಯಲ್ಲಿರುವ ಟಿಪ್ಪಣಿ ಮಾತ್ರ ರಸವತ್ತಾಗಿದೆ: ‘ಜನ ತಪ್ಪು ತಿಳಿದುಕೊಂಡಿರುವ ಜನಸೇವಕ’ ಎಂಬ ಅರ್ಥದ ಒಂದು ಸಾಲು. ಬರೆದವರ ಕೀಟಲೆ. ಸಾಕ್ಷಿ ಎಂದು ತರಬೇಡಿ.

ನೀವೇ ನೋಡಬೇಕೆಂದರೆ ಹೀಗೆ ಮಾಡಿ. ಮೊದಲು ಮೆನುವಿನಿಂದ ಬೇರೆ ಹೆಸರಿನಲ್ಲಿ ಸೇವ್ ಮಾಡಿಡಿ, ಕ್ವಿಕ್ ಸೇವ್ ನಂಬಬೇಡಿ. ಸ್ಟೀಮ್‌ನ ಲಾಂಚ್ ಆಪ್ಷನ್‌ನಲ್ಲಿ ಡ್ಯಾಶ್ ಹಾಕಿ ‘ಕನ್ಸೋಲ್’ ಸೇರಿಸಿ. ಎಸ್ಕೇಪ್ ಕೆಳಗಿನ ಕೀಲಿಯಿಂದ ಕನ್ಸೋಲ್ ತೆರೆದು ‘ಎಸ್‌ವಿ ಅಂಡರ್‌ಸ್ಕೋರ್ ಚೀಟ್ಸ್, ಸ್ಪೇಸ್, 1’ ಕೊಡಿ, ಆಮೇಲೆ ‘ಮ್ಯಾಪ್ ಸಿ1ಎ0’. ಈ ಕ್ರಮ ತಪ್ಪಬಾರದು. ಹಳೆಯ ಎಂಜಿನ್ ಚೀಟ್ ಅನುಮತಿಯನ್ನು ಮ್ಯಾಪ್ ಲೋಡ್ ಆಗುವಾಗ ನೋಡುತ್ತದೆ. ಆಟದ ನಡುವೆ ಕೊಟ್ಟು ‘ನೋಕ್ಲಿಪ್ (ಗೋಡೆ ತೂರಿ ಹೋಗುವ ಚೀಟ್) ಆಗವಲ್ದು’ ಎಂದು ಕೂರುವವರೇ ಹೆಚ್ಚು. ಎರಡನೆಯ ಆಟದಲ್ಲಿ ಈ ತಾಪತ್ರಯ ಇಲ್ಲ.

ಸಿ1ಎ0 ಅಂದರೆ ಅನಾಮಲಸ್ ಮೆಟೀರಿಯಲ್ಸ್ ಅಧ್ಯಾಯ. ಗಾಜಿನಾಚೆ ಜಿ-ಮ್ಯಾನ್ ಒಬ್ಬ ವಿಜ್ಞಾನಿಯ ಜೊತೆ ವಾದ ಮಾಡುತ್ತಿರುತ್ತಾನೆ. ಅಲ್ಲಿವರೆಗೆ ನಡೆದುಕೊಂಡೇ ಹೋಗಿ. ಮೊದಲೇ ಗೋಡೆ ತೂರಿ ಹಾರಿದರೆ ಟ್ರಿಗರ್ ಮುಟ್ಟದೆ ದೃಶ್ಯ ಶುರುವಾಗದಿರಬಹುದು. ದೃಶ್ಯ ಶುರುವಾದ ಮೇಲೆ ‘ನೋಕ್ಲಿಪ್’ ಕೊಟ್ಟು ಗಾಜು ದಾಟಿ. ಪಿಸ್ತೂಲು ಬೇಕಿದ್ದರೆ ‘ಇಂಪಲ್ಸ್ 101’. ಸೂಟನ್ನೂ ಅದೇ ಕೊಡುತ್ತದೆ.

ಧ್ವನಿ ಕೇಳಲು ಆಟ ತೆರೆಯುವುದೂ ಬೇಡ. ವಾಲ್ವ್ ಫೋಲ್ಡರ್‌ನೊಳಗಿನ ಸೌಂಡ್ ಫೋಲ್ಡರ್‌ನಲ್ಲಿ ಜಿ-ಮ್ಯಾನ್ ಹೆಸರಿನ ಫೋಲ್ಡರ್ ಇದೆ, ಕೊನೆಯ ಭಾಷಣ ತುಂಡು ತುಂಡಾಗಿ ವೇವ್ ಫೈಲ್‌ಗಳಲ್ಲಿ ಸಿಗುತ್ತದೆ. ಒಂದೊಂದೇ ಹಾಕಿ ಕೇಳಿದರೆ ಒತ್ತು ಎಲ್ಲಿ ಬೀಳಬಾರದೋ ಅಲ್ಲೇ ಬೀಳುವುದು ಸ್ಪಷ್ಟವಾಗುತ್ತದೆ. ಅಂದ ಹಾಗೆ ಕಾವಲುಗಾರ ಬಾರ್ನಿ ಮತ್ತು ಜಿ-ಮ್ಯಾನ್ ಇಬ್ಬರಿಗೂ ಧ್ವನಿ ಕೊಟ್ಟವರು ಮೈಕಲ್ ಶಪಿರೊ. ‘ದನಿ ಒಂದೇ, ಹಾಗಾಗಿ ಬಾರ್ನಿಯೇ ಜಿ-ಮ್ಯಾನ್’ ಅನ್ನುವ ಥಿಯರಿ ಕಂಡರೆ ಮುಂದೆ ಹೋಗಿ.

---

ಉಣಕಲ್_ಕೆರಿ (ಹುಬ್ಬಳ್ಳಿ):

ಸಾಧನಕೇರಿ ಸರ, ಮ್ಯಾಪ್ ಆಮೇಲೆ ಅನ್ನೂದ ಗೊತ್ತಿರಲಿಲ್ಲ, ಉಪಕಾರ ಆತು. ಬ್ಯಾಡಗಿ ಅಣ್ಣಾರ, ದಲಾಲಿ ಮಾತು ಒಪ್ಪೂಹಂಗೈತಿ. ಆದರ ಮೂರನೇ ಪ್ರಶ್ನೆ ಹಂಗಽ ಉಳೀತು. ವೋರ್ಟಿಗಾಂಟು?

---

ವೀರನಾರಾಯಣ_ಓಣಿ (ಗದಗ):

ಮೂರನೆಯದಕ್ಕೆ ಎರಡನೇ ಆಟದಲ್ಲೇ ಮುನ್ಸೂಚನೆ ಇದೆ. ಸ್ಯಾಂಡ್‌ಟ್ರ್ಯಾಪ್ಸ್ ಅಧ್ಯಾಯದಲ್ಲಿ ವೋರ್ಟಿಗಾಂಟ್ ಜೊತೆಗಿರುವಾಗ ಓಡಬೇಡಿ. ಹತ್ತಿರ ನಿಂತು ಯೂಸ್ ಕೀಲಿ ಮತ್ತೆ ಮತ್ತೆ ಒತ್ತಿ. ಮಾತುಗಳು ಅದಲು ಬದಲಾಗಿ ಬರುತ್ತವೆ, ಮೊದಲ ಸಲಕ್ಕೇ ಸಿಗಬೇಕೆಂದಿಲ್ಲ. ನಮ್ಮಿಬ್ಬರನ್ನೂ ಗುಟ್ಟಾಗಿ ನಡೆಸುವುದೊಂದಿದೆ, ಅದರ ಹೆಸರು ಹೇಳೆವು ಎಂಬ ಅರ್ಥದ ಸಾಲು ಒಂದು. ನಿನ್ನ ಕಣ್ಣಿಂದ ದೂರದ ಕಣ್ಣುಗಳು ನೋಡುತ್ತಿವೆ ಎಂಬುದು ಇನ್ನೊಂದು. ಅಂದರೆ ಅವುಗಳಿಗೆ ಅವನು ಕಾಣುತ್ತಾನೆ. ಉಳಿದವರಿಗೆ ಟೈಮ್ ನಿಂತಾಗ ಇವು ನಿಲ್ಲುವುದಿಲ್ಲ. ಎಪಿಸೋಡ್ ಒನ್‌ನಲ್ಲಿ ನೇರಳೆ ಬೆಳಕಿನಲ್ಲಿ ಬಂದು ಗಾರ್ಡನ್‌ನನ್ನು ಅವನ ಕೈಯಿಂದ ಬಿಡಿಸಿಕೊಂಡು ಹೋಗುವುದೂ ಅದೇ ಬಲದಿಂದ. ಎಪಿಸೋಡ್ ಟೂನಲ್ಲಿ ಅಲಿಕ್ಸ್‌ಳನ್ನು ಬದುಕಿಸುವ ಕೆಲಸದಲ್ಲಿ ಅವು ಮುಳುಗಿರುವಾಗಲಷ್ಟೇ ಅವನು ಮತ್ತೆ ಒಳಗೆ ಬರುತ್ತಾನೆ, ಅವುಗಳ ಕಾಟ ಇಲ್ಲದ ಹೊತ್ತಿಗೆ ಕಾದಿದ್ದೆ ಎಂಬ ಧಾಟಿಯಲ್ಲಿ ಮಾತಾಡುತ್ತಾನೆ. ಅಲಿಕ್ಸ್ ಆಟದಲ್ಲಿ ಅವನನ್ನು ಕೂಡಿಹಾಕಿದ ವಾಲ್ಟ್ ನಡೆಯುವುದು ಸೆರೆಹಿಡಿದ ವೋರ್ಟಿಗಾಂಟುಗಳ ಶಕ್ತಿಯಿಂದ. ಮೂರು ಆಟದಲ್ಲೂ ಅವನಿಗೆ ಅಡ್ಡ ಬಂದ ವಸ್ತು ಒಂದೇ.

ಈಗ ಬ್ಯಾಡಗಿಯವರಿಗೆ ನನ್ನ ತಕರಾರು. ದಲಾಲಿಯಾದವನು ಬಂದ ಮಾಲು ಮಾರುತ್ತಾನೆ, ಹೊಲಕ್ಕೆ ಹೋಗಿ ಬಿತ್ತುವುದಿಲ್ಲ. ಈ ಮನುಷ್ಯ ಬಿತ್ತಿದ್ದಾನೆ. ಪ್ರಯೋಗದಲ್ಲಿ ಅನಾಹುತಕ್ಕೆ ಕಾರಣವಾದ ಆ ಹರಳನ್ನು ಬ್ಲ್ಯಾಕ್ ಮೆಸಾಕ್ಕೆ ತಂದುಕೊಟ್ಟವನು ಇವನೇ ಎಂದು ಎಪಿಸೋಡ್ ಟೂನಲ್ಲಿ ಅಲಿಕ್ಸ್‌ಳ ತಂದೆ ಈಲೈ ಬಾಯಿಬಿಡುತ್ತಾನೆ. ‘ಊಹಿಸದ ಪರಿಣಾಮಗಳಿಗೆ ಸಿದ್ಧನಾಗು’ ಎಂದು ಅವತ್ತೇ ಕಿವಿಯಲ್ಲಿ ಹೇಳಿದ್ದನಂತೆ. ಪ್ರಯೋಗದ ದಿನ ಬೆಳಿಗ್ಗೆ ವಿಜ್ಞಾನಿಗಳು ಆಡಿದ ಮಾತುಗಳನ್ನು ಮತ್ತೆ ಕೇಳಿ: ಇದುವರೆಗೆ ಕಂಡದ್ದರಲ್ಲಿ ಅತಿ ಶುದ್ಧ ಮಾದರಿ, ಸ್ಪೆಕ್ಟ್ರೋಮೀಟರ್ 105 ಪರ್ಸೆಂಟ್‌ಗೆ ಏರಿಸಿದ್ದು, ಫಲಿತಾಂಶ ಬೇಕೇಬೇಕು ಎಂಬ ಆಡಳಿತಗಾರನ ಒತ್ತಡ. ಮಾದರಿ ಇವನದು, ಅವಸರ ಮೇಲಿನವರದು, ಗಾಡಿ ತಳ್ಳಿದ್ದು ಗಾರ್ಡನ್. ಆಪೋಸಿಂಗ್ ಫೋರ್ಸ್‌ನಲ್ಲಿ ಶೆಫರ್ಡ್ ಆರಿಸಿದ ಅಣುಬಾಂಬನ್ನು ಮತ್ತೆ ಚಾಲೂ ಮಾಡುವುದೂ ಇವನೇ. ಇಷ್ಟೆಲ್ಲ ಕೈ ಕೊಳೆ ಮಾಡಿಕೊಳ್ಳುವವನನ್ನು ಕಮಿಷನ್ ಏಜೆಂಟ್ ಎನ್ನುವುದು ಹೇಗೆ? ನನ್ನ ಪ್ರಕಾರ ಇವನು ನೇಮಕಾತಿ ಅಧಿಕಾರಿ. ಮೊದಲ ಆಟದ ಕೊನೆಯ ಪರದೆ ನೋಡಿ. ಪೋರ್ಟಲ್‌ಗೆ ಕಾಲಿಟ್ಟರೆ ‘ನೇಮಕಗೊಂಡಿದ್ದಾನೆ, ಕೆಲಸದ ನಿರೀಕ್ಷೆಯಲ್ಲಿ’. ಇಡದಿದ್ದರೆ ಆಯುಧವಿಲ್ಲದೆ ಅನ್ಯಲೋಕದವರ ನಡುವೆ ಬಿಟ್ಟು, ‘ಉದ್ಯೋಗ ನಿರಾಕರಿಸಿದ’ ಎಂಬ ಷರಾ. ಎರಡನೆಯ ಆಟದಲ್ಲಿ ನಿಮ್ಮ ತಪ್ಪಿಗೆ ಮುಖ್ಯ ಪಾತ್ರ ಸತ್ತರೆ ಬರುವುದು ‘ಅಸೈನ್‌ಮೆಂಟ್ ಮುಗಿಯಿತು’. ಮೊದಲನೆಯದರಲ್ಲಿ ಪರೀಕ್ಷೆ, ಎರಡನೆಯದರಲ್ಲಿ ಡ್ಯೂಟಿ. ಫೈಲ್ ಬರೆಯುವ ಆಫೀಸಿನ ಭಾಷೆ ಇದು. ಮಾರ್ಕೆಟ್ಟಿನದ್ದಲ್ಲ.

ಅಲಿಕ್ಸ್ ಕೊನೆಯನ್ನು ವಿಡಿಯೋದಲ್ಲಿ ನೋಡಿದವರು ಒಂದು ಸಾಲು ತಪ್ಪಿಸಿಕೊಂಡಿರುತ್ತಾರೆ. ಭೂಮಿಯಿಂದ ಕಂಬೈನ್ ಅನ್ನು ತೊಲಗಿಸು ಎಂದು ಅವಳು ಕೇಳುತ್ತಾಳೆ. ಅಷ್ಟು ದೊಡ್ಡ ನೂಕು ನಮ್ಮ ಮಾಲೀಕರ ಹಿತಕ್ಕೆ ಒಗ್ಗದು ಎನ್ನುತ್ತಾನೆ. ಆಮೇಲೆ, ಮುಂಚೆ ನೇಮಿಸಿಕೊಂಡವನು ಕೆಲಸ ಮಾಡಲಾರದವನೋ ಒಲ್ಲದವನೋ ಆಗಿದ್ದಾನೆ, ಬದಲಿಗೆ ಒಬ್ಬರು ಬೇಕಿತ್ತು ಎಂದು ಅವಳನ್ನೇ ಹಿಡಿದಿಡುತ್ತಾನೆ. ಆ ಆಟ ನಡೆಯುವುದು ಎರಡನೇ ಆಟಕ್ಕಿಂತ ಐದು ವರ್ಷ ಮುಂಚೆ. ಗಾರ್ಡನ್ ಕೈತಪ್ಪಿದ್ದು ಎಪಿಸೋಡ್ ಒನ್‌ನಲ್ಲಿ. ಅವನಿಗೆ ಹಿಂದು ಮುಂದು ಎಂಬುದಿಲ್ಲ ಅನ್ನುವುದಕ್ಕೆ ಇದಕ್ಕಿಂತ ಬೇರೆ ಆಧಾರ ಬೇಡ.

ಇನ್ನೊಂದು: ಕಥೆಗಾರ ಮಾರ್ಕ್ ಲೇಡ್‌ಲಾ 2017ರಲ್ಲಿ ತಮ್ಮ ಬ್ಲಾಗಿನಲ್ಲಿ ಹೆಸರು ಬದಲಿಸಿ ಹಾಕಿದ ಮುಂದಿನ ಕಥೆಯನ್ನು ಕೆಲವರು ಸಾಕ್ಷಿ ಎಂದು ತರುತ್ತಾರೆ. ಅವರು ಕಂಪನಿ ಬಿಟ್ಟ ಮೇಲೆ ಬರೆದದ್ದು ಅದು. ಅಲಿಕ್ಸ್ ಆಟ ಬೇರೆ ದಾರಿ ಹಿಡಿದಿದೆ. ಎರಡನ್ನೂ ಕಲಸಿದರೆ ಯಾವ ಥಿಯರಿಯೂ ನಿಲ್ಲುವುದಿಲ್ಲ.

---

ಬ್ಯಾಡಗಿ_ಡಬ್ಬಿ (ಹಾವೇರಿ ಜಿಲ್ಲಾ):

ಗದಗ ಸರ, ನೀವು ಪ್ಯಾಟಿ ಅಡತಿ ಅಂಗಡಿ ಹೊರಗಿಂದ ಅಷ್ಟ ನೋಡೀರಿ ಕಾಣಸತೈತಿ. ದಲಾಲಿ ಬಿತ್ತೂದಿಲ್ಲ ಅಂದ್ರಿ. ಕೈಲೆ ಬಿತ್ತೂದಿಲ್ಲ ಖರೆ. ಆದರ ಬೀಜಕ್ಕ, ಗೊಬ್ಬರಕ್ಕ ಮುಂಗಡ ಕೊಡೂದು ಯಾರು? ಬಿತ್ತಿಗಿ ಮುಂಚೇನಽ ರೊಕ್ಕಾ ಕೊಟ್ಟಿರತಾನ. ಬೆಳಿ ಬಂದ ಮ್ಯಾಲೆ ಚೀಲ ಬ್ಯಾರೆ ಅಂಗಡಿ ಮೆಟ್ಟಲಾ ಹತ್ತಾಕ ಆಗೂದಿಲ್ಲ, ಪಟ್ಟಿಯೊಳಗ ಮೊದಲು ಅವನ ಮುಂಗಡ ಮುರದು ಉಳದದ್ದು ರೈತಗ.

ಈಗ ಹರಳು ನೋಡ್ರಿ. ಬ್ಲ್ಯಾಕ್ ಮೆಸಾಕ್ಕ ಕೊಟ್ಟ ಮುಂಗಡ ಅದು. ಬಂದ ಬೆಳಿ ಏನು? ಮೊದಲನೇ ಆಟದ ಕೊನೀಗೆ ಅವನಽ ಹೇಳತಾನ, ಝೆನ್ ಅನ್ನೂ ಗಡಿಲೋಕ ಸದ್ಯಕ್ಕ ನಮ್ಮ ಹತೋಟಿಯಾಗೈತಿ, ನಿನ್ನ ದಯಾದಿಂದ ಅಂತ. ಅದಕ್ಕ ಗಾರ್ಡನ್ ಸಿಕ್ಕದ್ದು ಮ್ಯಾಲಿನ ಲಾಭ. ಅಲಿಕ್ಸ್‌ನ್ನ ಕೂಸಿದ್ದಾಗ ಎತ್ತಿಕೊಂಡು ಬಂದದ್ದೂ ಮುಂಗಡಾನಽ. ಯಾತಕ್ಕೂ ಬಾರದು ಅಂದವರಿದ್ರಲ್ಲ, ಅವರಿಗೆ ಮುಂದಿನ ಸುಗ್ಗಿ ಕಾಣಸಲಿಲ್ಲ, ಇವಗ ಕಾಣಸಿತ್ತು. ಗಾರ್ಡನ್ ಲಾಟ್ ವೋರ್ಟಿಗಾಂಟು ಹೊತಗೊಂಡು ಹ್ವಾದ ಮ್ಯಾಲೆ ಹಳೇ ಖಾತೆ ತಗದು ಅಕೀನ್ನ ವಸೂಲಿ ಮಾಡ್ಯಾನ.

ನಿಮ್ಮ ಅಣುಬಾಂಬಿನ ಮಾತಿಗೆ ಮಾತ್ರ ನನ್ನ ಕಡೆ ಸರಿಯಾದ ಉತ್ತರ ಇಲ್ಲ. ಲೆಕ್ಕದ ಪುಸ್ತಕ ಸುಟ್ಟಂಗ ಅಂತ ಹೇಳಬಹುದು. ಹೇಳಿದ್ರ ನನಗಽ ಜಗ್ಗಿ ಕೂಡಿಸಿದಂಗ ಅನಸತೈತಿ.

---

ವೀರನಾರಾಯಣ_ಓಣಿ (ಗದಗ):

ಮುಂಗಡದ ಮಾತು ಒಪ್ಪಿದೆ. ನೇಮಕಾತಿ ಅಧಿಕಾರಿಗೆ ಸ್ವಂತ ಖಾತೆ ಇರುವುದಿಲ್ಲ; ಇವನಿಗಿದೆ. ಆದರೂ ಆ ಕೊನೆಯ ಪರದೆಯ ಷರಾಗಳನ್ನು ಬರೆದವರು ಯಾರು, ಇವನೋ ಇವನ ಮೇಲಿನವರೋ, ಅಲ್ಲಿ ನಾನು ಬಿಟ್ಟುಕೊಡುವುದಿಲ್ಲ.

---

ಸಾಧನಕೇರಿ_01 (ಧಾರವಾಡ):

ಉಣಕಲ್ ಅವರೇ, ಎರಡನೇ ಆಟ ಮತ್ತೆ ಹಾಕುವುದಿದ್ದರೆ ಹೈವೇ 17 ಅಧ್ಯಾಯದಲ್ಲಿ ಗಾಡಿ ನಿಧಾನ ಮಾಡಿ. ನ್ಯೂ ಲಿಟಲ್ ಒಡೆಸ್ಸಾ ಮುಟ್ಟುವ ಮುಂಚೆ ಸ್ಟ್ಯಾಂಡ್ ಮೇಲೊಂದು ದುರ್ಬೀನು ಇದೆ. ಅದರಲ್ಲಿ ಕಣ್ಣಿಟ್ಟರೆ ಜಿ-ಮ್ಯಾನ್ ಕರ್ನಲ್ ಒಡೆಸ್ಸಾ ಕಬ್ಬೇಜ್ ಜೊತೆ ಮಾತಾಡುವುದು ಕಾಣುತ್ತದೆ. ನೋಡದೆ ಗಾಡಿ ಬಿಟ್ಟರೆ, ನೀವು ಅಲ್ಲಿ ಸೇರುವ ಹೊತ್ತಿಗೆ ಜಿ-ಮ್ಯಾನ್ ಇರುವುದಿಲ್ಲ. ಅಲ್ಲಿ ಏನು ಸೌದಾ ಆಯಿತು ಎಂಬುದಕ್ಕೆ ಒಂದು ಸಾಲಿನ ಸಂಭಾಷಣೆಯೂ ಇಲ್ಲ, ದಲಾಲಿ ಪಕ್ಷದವರು ಬೇಕಿದ್ದರೆ ಇದನ್ನೂ ಖಾತೆಗೆ ಬರೆದುಕೊಳ್ಳಲಿ. ಕ್ಯಾಪ್ಷನ್ ಆನ್ ಇರಲಿ. ಬ್ರೀನ್ ಹೇಳುವ ಕರಾರಿನ ಮಾತು ಕಿವಿಗೆ ಬೀಳದಿದ್ದರೂ ಪರದೆಯ ಕೆಳಗೆ ಸಿಗುತ್ತದೆ.